ತೌಡಿನ ಕೂಸು

ಷರತ್ತುಗಳು ಏಳಿದ್ದವು. ಆಶ್ರಯದ ಕಾರಕೂನ ಕಾಶಿರಾಯ ಒಂದೊಂದಕ್ಕೂ ಒಂದು ಬೆರಳು ಮಡಚುತ್ತ ಓದಿದ. ಅವನು ಪಡಸಾಲೆಯಲ್ಲಿ ಗಾದಿಯ ಮೇಲೆ ಕೂತಿದ್ದ. ಶೇವಂತಾ ಕೆಳಗೆ ಅಂಗಳದಲ್ಲಿ, ಬಿಸಿಲಿನಲ್ಲಿ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಕೂಡು ಅಂತ ಯಾರೂ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಅವಳು ಜೇಲಿನಿಂದ ಹೊರಗೆ ಬಂದು ಹನ್ನೆರಡು ದಿನವಾಗಿತ್ತು. ದರ್ಗಾದಲ್ಲಿ ಬಡವರಿಗೆ ಊಟ ಹಾಕುವ ಲಂಗರು ಬಿಟ್ಟರೆ, ಈ ಹನ್ನೆರಡು ದಿನದಲ್ಲಿ ಹೋಗು ಅನ್ನದೆ ಇದ್ದ ಜಾಗ ಇದೊಂದೇ.

ಸ್ಟೇಶನ್ ಬಜಾರದ ಹಿಂದೆ, ಹತ್ತಿ ಗಿರಣಿಯ ಗೋಡೆಗೆ ಹತ್ತಿಕೊಂಡು ಆ ಮನೆ ಇತ್ತು. ಹತ್ತಿ ವ್ಯಾಪಾರದಲ್ಲಿ ಚೆನ್ನಾಗಿ ಗಳಿಸಿದ ಒಬ್ಬ ಸಾಹುಕಾರ ತೀರಿಕೊಂಡ ಮೇಲೆ ಅವನ ಹೆಂಡತಿ ಮಹಾದೇವಮ್ಮ ಅದನ್ನು ಶುರುಮಾಡಿದ್ದರು. ಜೇಲಿನಿಂದ ಬಿಡುಗಡೆಯಾದ, ಕೈಯಲ್ಲಿ ಕೂಸಿರುವ, ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯ. ಎರಡು ವರ್ಷ ಒಳಗಿಟ್ಟುಕೊಂಡು, ನೂಲು ತೆಗೆಯುವುದು ಹೊಲಿಯುವುದು ಕಲಿಸಿ, ನಾಲ್ಕು ಜನರ ನಡುವೆ ಬಾಳುವ ಹಾಗೆ ಮಾಡಿ ಕಳಿಸುವುದು ಅವರ ಇರಾದೆ. ಬಾಗಿಲ ಮೇಲೆ ದೊಡ್ಡ ಹಲಗೆ ತೂಗುಹಾಕಿದ್ದರು. ಓದಲು ಬಾರದವರಿಗಾಗಿ ಕಟ್ಟಿದ ಮನೆಗೆ ಹಲಗೆ ಯಾಕೆ ಬೇಕಿತ್ತೋ ಶಿವನೇ ಬಲ್ಲ. ಬಜಾರದವರು ಮಾತ್ರ ಅದನ್ನು ಜೇಲಿನವರ ಮನೆ ಅನ್ನುತ್ತಿದ್ದರು.

ಹೆಂಗಸು ಹಿಂದೂ ಆಗಿರಬೇಕು. ಬಿಡುಗಡೆಯಾಗಿ ತಿಂಗಳು ಮೀರಿರಬಾರದು. ಗಂಡ ಸತ್ತಿರಬೇಕು, ಇಲ್ಲವೇ ಬಿಟ್ಟಿರಬೇಕು. ಅಂಟುರೋಗ ಇರಬಾರದು, ದಾಯಿ ನೋಡಿ ಹೌದು ಅನ್ನಬೇಕು. ಎರಡು ವರ್ಷ ಹೊಸ್ತಿಲು ದಾಟಬಾರದು. ಹೇಳಿದ ಕೆಲಸ ಮಾಡಬೇಕು, ಎದುರು ಮಾತಾಡಬಾರದು. ಕೊನೆಯದು, ಕೈಯಲ್ಲಿರುವ ಕೂಸು ಐದು ವರ್ಷದ ಒಳಗಿನದು, ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು ಆಗಿರಬೇಕು. ಯಾರದೋ ಕೂಸನ್ನು ಎತ್ತಿಕೊಂಡು ಬಂದು ಎರಡು ಹೊತ್ತಿನ ರೊಟ್ಟಿಗೆ ದಾರಿ ಮಾಡಿಕೊಳ್ಳುವ ಹೆಂಗಸರು ಈಗೀಗ ಹೆಚ್ಚಾಗಿದ್ದಾರೆ ಅಂತ ಕಾಶಿರಾಯ ತನ್ನ ಕಡೆಯಿಂದ ಸೇರಿಸಿದ.

ದಾಯಿಯ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಬಾಯಿ ತೆರೆಸಿ ಹಲ್ಲು ನೋಡಿದಳು. ತಲೆಗೂದಲು ಕೆದರಿ ನೋಡಿದಳು. ಹಿತ್ತಲ ಗೋಡೆಯ ಮರೆಯಲ್ಲಿ ನಿಲ್ಲಿಸಿ ಸೀರೆ ಎತ್ತು ಅಂದಳು. ಸಂತೆಯಲ್ಲಿ ಎಮ್ಮೆಯನ್ನು ಇದಕ್ಕಿಂತ ನಾಜೂಕಾಗಿ ನೋಡುತ್ತಾರೆ. ಶೇವಂತಾ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಅಂತ ನೋಡುತ್ತ ನಿಂತಿದ್ದಳು. ಮೈಯನ್ನು ಅವರ ಕೈಗೆ ಬಿಟ್ಟು ತಾನು ಬೇರೆ ಕಡೆ ಇರುವುದನ್ನು ಅವಳು ಜೇಲಿನಲ್ಲಿ ಕಲಿತಿದ್ದಳು.

ಬಿಡುಗಡೆಯ ಕಾಗದವನ್ನು ಅವಳು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು. ಕಾಶಿರಾಯ ಇಳಿದು ಬಂದು ತುದಿಬೆರಳಿನಿಂದ ಎತ್ತಿಕೊಂಡ. ಹೊಲಗೇರಿಯವರಿಗೂ ಇಲ್ಲಿ ಜಾಗವಿದೆ, ಆದರೆ ಹಿಂದಿನ ಸಾಲಿನಲ್ಲಿ, ನೀರಿನ ಗಡಿಗೆ ಬೇರೆ ಅಂತ ಮೊದಲೇ ಹೇಳಿದ್ದ. ಉರ್ದೂ ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡ. ಹುಬ್ಬು ಗಂಟಾದವು.

"ಈ ಕೂಸು ನಿಂದಲ್ಲ ಅಂತ ಬರದಾರಲ್ಲ ಇದರಾಗ," ಅಂದ. "ಜುಬೇದಾ ಅನ್ನೋ ಕೈದಿ ಮಗಳು. ಸಾಕ್ಲಾಕ ನಿನ್ನ ಕೈಯಾಗ ಕೊಟ್ಟಾರ."

ಶೇವಂತಾ ನೆಲ ನೋಡಿದಳು.

"ಖರೇ ಹೇಳು. ಯಾರದು?"

ಅವಳಿಗೆ ಮಾತು ಗೊತ್ತಿತ್ತು. ಎರಡೇ ಅಕ್ಷರ. ಎರಡು ವರ್ಷದಿಂದ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದಳು. ಅದನ್ನು ಆಡಿದರೆ ಕೂಸು ಉಳಿಯುವುದಿಲ್ಲ. ಆಡದಿದ್ದರೆ ಈ ಮನೆ ಇಲ್ಲ. ಅವಳು ಕೂಸನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿದಳು, ಅಷ್ಟೇ.

ಇದರ ಮೂಲ ಕಮಲಾಪುರದಲ್ಲಿತ್ತು.

ಕಮಲಾಪುರದ ಹೊಲಗೇರಿಯ ಜನಕ್ಕೆ ಬಿಟ್ಟಿ ಅನ್ನುವುದು ಮಳೆ ಬಿಸಿಲಿನಂತೆ ಬಂದೇ ಬರುವ ಸಂಗತಿ. ತಹಶೀಲ್ದಾರರ ಡೇರೆ ಊರಿಗೆ ಬಂತೆಂದರೆ ಕೇರಿಯ ಗಂಡಸರು ಕಟ್ಟಿಗೆ ಒಡೆಯಬೇಕು, ಹುಲ್ಲು ಹೊರಬೇಕು. ಹೆಂಗಸರು ಕುದುರೆಗಳಿಗೆ ಕಡಲೆ ಒಡೆಯಬೇಕು. ಕೇರಿಯವರು ಬೀಸಿದ ಹಿಟ್ಟು ಮನುಷ್ಯರು ತಿನ್ನುವಂತಿರಲಿಲ್ಲ. ಕುದುರೆಗೆ ಮಡಿ ಇಲ್ಲ, ಪಾಪ. ಪಾಟೀಲನ ದನದ ಕೊಟ್ಟಿಗೆಯಲ್ಲಿ ಅದಕ್ಕೆಂದೇ ಒಂದು ದೊಡ್ಡ ಬೀಸುಕಲ್ಲು ಹೂತಿದ್ದರು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುವಬೇಕು. ಚೀಲ ಮುಗಿದರೆ ಇನ್ನೊಂದು ಚೀಲ. ಕೂಲಿ ಕೇಳಿದವರು ಇರಲಿಲ್ಲ.

ಡೇರೆಯ ಗೂಟಗಳ ಗಂಟು ಹೊತ್ತು ಮಹಾಗಾಂವದವರೆಗೆ ನಡೆದಾಗ ಶೇವಂತಾಳ ಬೆನ್ನಿಗೆ ಚೊಚ್ಚಲ ಮಗ ಇದ್ದ. ಎಂಟು ತಿಂಗಳ ಕೂಸು. ಚೈತ್ರದ ಬಿಸಿಲು. ಮರಳಿ ಬಂದ ಎರಡನೆಯ ದಿನ ಕೂಸು ಕಣ್ಣು ತೆರೆಯಲಿಲ್ಲ. ಎರಡನೆಯದು ಹೆಣ್ಣು. ಒಂದೂವರೆ ವರ್ಷದ್ದು. ಅದಕ್ಕೆ ಜ್ವರ ಬಂದ ದಿನ ಡೇರೆ ಊರಲ್ಲೇ ಇತ್ತು. ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ಬಾಯಿಗೆ ನೀರು ಬಿಟ್ಟು ಬರುತ್ತೇನೆ ಅಂತ ಶೇವಂತಾ ಎರಡು ಸಲ ಕೇಳಿದಳು. ಪಾಟೀಲನ ಆಳು ದೌಲಪ್ಪ, ಚೀಲ ಮುಗಿಯಲಿ ಅಂದ. ಮೂರನೆಯ ಸಲ ಕೇಳಿದಾಗ ಅವಳ ಮಡಿಲಿಗೇ ಕಡಲೆಯ ಬುಟ್ಟಿ ಸುರುವಿದ. ಸ್ವಲ್ಪ ಹೊತ್ತಿಗೆ ಕೇರಿಯಿಂದ ಸುದ್ದಿ ಬಂತು. ಶೇವಂತಾ ಅಳಲಿಲ್ಲ. ಕಲ್ಲಿನ ಗೂಟ ಕಿತ್ತಳು. ದೌಲಪ್ಪನ ಬಾಯಿಗೆ ಹೊಡೆದಳು.

ಎರಡು ಹಲ್ಲು ಬಿದ್ದವು. ಸರಕಾರಿ ಕೆಲಸದಲ್ಲಿದ್ದವನ ಮೇಲೆ ಕೈ ಮಾಡಿದ್ದಕ್ಕೆ ಎರಡೂವರೆ ವರ್ಷ ಸಜಾ ಆಯಿತು. ಹಲ್ಲಿಗೆ ಹದಿನೈದು ತಿಂಗಳು. ಸತ್ತ ಕೂಸು ಯಾರ ಕಾಗದದಲ್ಲೂ ಬರಲಿಲ್ಲ.

ಆಗ ಅವಳು ಮೂರು ತಿಂಗಳ ಬಸುರಿ. ಪೊಲೀಸರು ಕರೆದುಕೊಂಡು ಹೋಗುವಾಗ ಕೇರಿಯ ಹಿರಿಯ ಹೆಂಗಸರು ದಾರಿಯ ಪಕ್ಕ ನಿಂತು ಒಂದೇ ಮಾತು ಹೇಳಿದರು. ನಿನ್ನ ಬಾಯಿ ಕೂಸಿಗೆ ಆಗುವುದಿಲ್ಲ. ನನ್ನ ಬಂಗಾರ, ನನ್ನ ಕೂಸು ಅಂತ ಆಡಿ ಆಡಿ ಎರಡನ್ನು ಕಳಕೊಂಡೆ. ಇದನ್ನಾದರೂ ತಿಪ್ಪೆಗೆ ಹಾಕಿ ಮಾರು, ನನ್ನದು ಅನ್ನಬೇಡ, ಉಳಿಯುತ್ತದೆ. ಗಂಡ ಮರೆಪ್ಪ ದೂರ ನಿಂತು ನೋಡುತ್ತಿದ್ದ. ಅದೇ ವರ್ಷ ಅವನು ಸೊಲ್ಲಾಪುರದ ಗಿರಣಿಗೆ ಹೋದ, ಅಲ್ಲೇ ಒಬ್ಬಳ ಸಂಗಡ ಮನೆ ಮಾಡಿದ.

ಜೇಲಿನಲ್ಲಿ ಹೆಂಗಸರ ಬ್ಯಾರಕ್ಕು ಒಂದೇ. ಜೋಳ ಬೀಸುವವರು ಬೇರೆ ಜಾತಿಯವರು. ಶೇವಂತಾಳ ಪಾಲಿಗೆ ಕಸ ಗುಡಿಸುವುದು, ಪಾಯಖಾನೆ ತೊಳೆಯುವುದು. ಬೀಸುವವರಲ್ಲಿ ಜುಬೇದಾ ಇದ್ದಳು. ಮೋಮಿನಪುರದ ಮಗ್ಗದವರ ಮನೆಯವಳು, ಗಂಡನನ್ನು ಕೊಂದಳೆಂದು ಜನ್ಮಠೇಪು, ಜೀವಾವಧಿ ಸಜಾ, ಆದವಳು. ಯಾಕೆ ಕೊಂದೆ ಅಂತ ಶೇವಂತಾ ಕೇಳಲಿಲ್ಲ, ಅವಳು ಹೇಳಲಿಲ್ಲ. ಹೆರಿಗೆಯ ದಿನ ಬೆನ್ನು ತಿಕ್ಕಿದವಳು, ಹೊಕ್ಕುಳಬಳ್ಳಿ ಕೊಯ್ದವಳು ಅವಳೇ.

ಮೂರನೆಯ ದಿನ ಶೇವಂತಾ ಎದ್ದು ಕೂಸನ್ನು ಒಯ್ದು ಬೀಸುವ ಅಂಗಳದ ಕಸದ ಗುಡ್ಡೆಯ ಮೇಲೆ ಮಲಗಿಸಿದಳು. ತಾನೇ ಗುಡಿಸಿ ಹಾಕಿದ ಕಸ ಅದು. ತಿರುಗಿ ನೋಡದೆ ಹತ್ತು ಹೆಜ್ಜೆ ಹೋದಳು. ಜುಬೇದಾಗೆ ಮೊದಲೇ ಎಲ್ಲ ಹೇಳಿಕೊಟ್ಟಿದ್ದಳು. ಜುಬೇದಾ ಬಂದು ಕೂಸನ್ನು ಎತ್ತಿಕೊಂಡು, ಕಲ್ಲಿನ ಬಾಯಿಯ ಸುತ್ತ ಬಿದ್ದಿದ್ದ ತೌಡನ್ನು ಒಂದು ಮುಷ್ಟಿ ತಂದು ಶೇವಂತಾಳ ಸೆರಗಿಗೆ ಹಾಕಿದಳು.

"ತೌಡು ಕೊಟ್ಟು ತಗೊಂಡೀನಿ. ಅಬ್ ಮೇರಿ ಬಚ್ಚೀ," ಅಂದಳು. "ನಿನ್ನ ಕಡೆ ಸಾಕ್ಲಾಕ ಕೊಡ್ತೀನಿ. ನೆಪ್ಪಿರಲಿ, ನಿಂದಲ್ಲ ಇದು."

ತಿಪ್ಪೆಯ ಮೇಲೆ ಸಿಕ್ಕಿದ್ದರಿಂದ ಕೂಸು ತಿಪ್ಪಮ್ಮ ಆಯಿತು. ಇಲ್ಲಿಯವರೆಗೆ ಎಲ್ಲವೂ ನಡೆಯಬೇಕಾದ ಹಾಗೆಯೇ ನಡೆಯಿತು. ಕೂಸು ಹುಟ್ಟಿ ಎರಡು ಮೂರು ಸತ್ತ ಮನೆಗಳಲ್ಲಿ ಎಲ್ಲರೂ ಮಾಡುವುದೇ ಇದು. ಆದರೆ ಆ ಮನೆಗಳಿಗೆ ಲೆಕ್ಕ ಬರೆಯುವ ಮುನ್ಷಿ ಬರುವುದಿಲ್ಲ. ಇಲ್ಲಿ ಸಂಜೆಗೆ ಮುನ್ಷಿ ಬಂದ. ಹೊಸ ಕೂಸು ಯಾರದು ಅಂತ ಕೇಳಿದ. ಕೊಂಡು ಇನ್ನೂ ಒಂದು ದಿನ ಕಳೆದಿಲ್ಲ, ನನ್ನದು ಅಂದರೆ ಎಲ್ಲ ಮುರಿದು ಹೋಗುತ್ತದೆ. ಶೇವಂತಾ ಜುಬೇದಾಳದು ಅಂದಳು. ಜುಬೇದಾ ಹೌದು ಅಂದಳು. ಹೆಂಗಸರ ಬ್ಯಾರಕ್ಕಿನ ಸಂಗತಿಗಳಿಗೆ ತಲೆ ಹಾಕುವಷ್ಟು ಪುರುಸೊತ್ತು ಮುನ್ಷಿಗೆ ಇರಲಿಲ್ಲ. ಬರೆದುಕೊಂಡು ಹೋದ. ಆಮೇಲೆ ತಿಂಗಳಿಗೊಂದು ಸಲ ಎಣಿಕೆ ಆಗುತ್ತಿತ್ತು. ಕೂಸು ಯಾರದು ಅಂದಾಗಲೆಲ್ಲ ಶೇವಂತಾ ಅದೇ ಮಾತು ಹೇಳಿದಳು. ಮೊಲೆಗೆ ಹತ್ತಿದ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ನನ್ನದಲ್ಲ ಅಂದಳು.

ಎರಡು ತುಂಬಿದ ಕೂಸು ಜೇಲಿನಲ್ಲಿ ಇರುವಂತಿಲ್ಲ. ಶೇವಂತಾಳ ಬಿಡುಗಡೆಯೂ ಅದೇ ಹೊತ್ತಿಗೆ ಬಂತು. ಜನ್ಮಠೇಪಿನ ಜುಬೇದಾ ತನ್ನ ಕೂಸನ್ನು ಶೇವಂತಾ ಎಂಬವಳ ಕೈಗೆ ಸಾಕಲು ಒಪ್ಪಿಸುತ್ತಾಳೆ ಅಂತ ಕಾಗದ ಆಯಿತು. ಜುಬೇದಾ ಹೆಬ್ಬೆಟ್ಟು ಒತ್ತಿದಳು. ಗೇಟಿನ ಹತ್ತಿರ ಕೂಸಿನ ಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಬಿಟ್ಟಳು. ಆ ಕಾಗದವೇ ಈಗ ಕಾಶಿರಾಯನ ಕೈಯಲ್ಲಿತ್ತು.

ಕಾಶಿರಾಯ ಕೆಟ್ಟವನಲ್ಲ. ಕಾಗದ ಹೇಳಿದ್ದನ್ನು ನಂಬುವವನು, ಅಷ್ಟೇ. ಜೇಲಿನ ಬರಹ ತಿದ್ದುವುದು ಆಗದ ಮಾತು ಅಂದ. ಆದರೆ ಪೊಲೀಸರು ಒಯ್ಯುವಾಗ ಈಕೆ ಬಸುರಿ ಇದ್ದಳು ಅಂತ ಊರ ಪಾಟೀಲ ಬರೆದು ಶಿಕ್ಕಾ ಹೊಡೆದು ಕೊಟ್ಟರೆ, ಅಮ್ಮನವರು ನೋಡಿಯಾರು. ತಿಂಗಳು ಮುಗಿಯಲು ಹದಿನೆಂಟು ದಿನ ಇದೆ. ತಪ್ಪಿದರೆ ಕೂಸನ್ನು ಅನಾಥ ಮಕ್ಕಳ ಯತೀಮಖಾನೆಯವರು ಕೇಳಿಕೊಂಡು ಬರುತ್ತಾರೆ, ಕಾಗದದ ಪ್ರಕಾರ ಅದು ಮುಸಲ್ಮಾನರ ಕೂಸು, ತಾಯಿ ಜೇಲಿನಲ್ಲಿದ್ದಾಳೆ ಅಂದ.

ಶೇವಂತಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಳು. ಕಮಲಾಪುರಕ್ಕೆ ಒಂದೂವರೆ ದಿನದ ದಾರಿ. ಚೊಚ್ಚಲ ಮಗನನ್ನು ಕಟ್ಟಿಕೊಂಡು ನಡೆದದ್ದೂ ಇದೇ ದಾರಿಯಲ್ಲಿ. ಮಹಾಗಾಂವ ಬಂದಾಗ ಏನಾದರೂ ಅನಿಸುತ್ತದೆ ಅಂದುಕೊಂಡಿದ್ದಳು. ಏನೂ ಅನಿಸಲಿಲ್ಲ. ಬಾವಿಯ ಹತ್ತಿರ ಕೈಯೊಡ್ಡಿ ನೀರು ಹಾಕಿಸಿಕೊಂಡು ಕುಡಿದಳು, ಕೂಸಿಗೆ ಕುಡಿಸಿದಳು, ಮತ್ತೆ ನಡೆದಳು.

ಪಾಟೀಲ ದೇವೀಂದ್ರಪ್ಪ ಚಾವಡಿಯಲ್ಲಿದ್ದ. ದೂರದಲ್ಲೇ ನೆಲಕ್ಕೆ ಹಣೆ ಹಚ್ಚಿದ ಶೇವಂತಾಳನ್ನು ಗುರುತು ಹಿಡಿದು ನಕ್ಕ. ಜೇಲಿನ ರೊಟ್ಟಿ ಮೈಗೆ ಹತ್ತಿದೆ ಅಂತ ಚಾವಡಿಯವರಿಗೆಲ್ಲ ಕೇಳುವ ಹಾಗೆ ಅಂದ. ಅವನಿಗೆ ಸಿಟ್ಟಿರಲಿಲ್ಲ. ಇರುವೆ ಕಚ್ಚಿದ್ದನ್ನು ಎರಡೂವರೆ ವರ್ಷ ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಬಂದ ಕೆಲಸ ಹೇಳಿದಳು. ಅವನು ಕೇಳಿ, ಎಲೆ ಅಡಿಕೆ ಮಡಚಿ ಬಾಯಿಗಿಟ್ಟುಕೊಂಡ.

"ಬರದು ಕೊಡ್ತೀನಿ. ಅದಕ್ಕೇನಾತು," ಅಂದ. "ನಾಡದು ಡೇರೆ ಬರ್ತದ. ಮೂರು ದಿನ ಕಡ್ಲಿ ಒಡಿ. ಆಮ್ಯಾಗ ಶಿಕ್ಕಾ."

ಅವಳ ಗುಡಿಸಲಿನಲ್ಲಿ ಈಗ ಪಾಟೀಲನ ಬಾಳೆತೋಟದ ಹಗ್ಗ, ಬುಟ್ಟಿ ಇಟ್ಟಿದ್ದರು. ಪಕ್ಕದ ಗುಡಿಸಲಿನ ಭಾಗಮ್ಮ ತನ್ನಲ್ಲಿ ಇಳಿಸಿಕೊಂಡಳು. ಭಾಗಮ್ಮ ಶೇವಂತಾ ಜೇಲಿಗೆ ಹೋದ ಮೇಲೆ ಮದುವೆಯಾಗಿ ಬಂದವಳು, ಇಪ್ಪತ್ತೂ ಆಗಿರಲಿಲ್ಲ. ಅವಳ ತೊಟ್ಟಿಲಲ್ಲಿ ಹತ್ತು ತಿಂಗಳ ಮಗನಿದ್ದ. ನನ್ನ ಮಗನಿಗೆ ಹಲ್ಲು ಬಂದವು, ನನ್ನ ಮಗ ಗೋಡೆ ಹಿಡಿದು ನಿಲ್ಲುತ್ತಾನೆ ಅಂತ ಬಿಡುವಿಲ್ಲದೆ ಹೇಳುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಶೇವಂತಾ ಬಾಗಿಲ ಕಡೆ ನೋಡುತ್ತಿದ್ದಳು.

ಕೊಟ್ಟಿಗೆ ಹಾಗೆಯೇ ಇತ್ತು. ಅದೇ ಕಲ್ಲು. ಗೂಟ ಮಾತ್ರ ಹೊಸದು. ದೌಲಪ್ಪನೂ ಇದ್ದ, ಮುಂದಿನ ಎರಡು ಹಲ್ಲಿಲ್ಲದೆ. ಅವಳನ್ನು ನೋಡಿದವನು ಬಾಯಿ ಮುಚ್ಚಿಕೊಂಡ. ಶೇವಂತಾ ಕೂತಳು. ಎದುರಿಗೆ ಭಾಗಮ್ಮ. ಕಾಲು ಚಾಚಿ, ಒಂದು ಕೈಯಿಂದ ಕಡಲೆ ಸುರಿಯುತ್ತ, ಇನ್ನೊಂದು ಕೈಯಿಂದ ಗೂಟ ಹಿಡಿದು ತಿರುವಿದಳು. ಕೈಗೆ ಎಲ್ಲ ನೆನಪಿತ್ತು. ಹೊತ್ತೇರುವುದರೊಳಗೆ ರಟ್ಟೆ ಮರಗಟ್ಟಿತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಬೇರೆ ಕಡೆ ಬೀಸುವವರು ಹಾಡು ಹೇಳುತ್ತಾರೆ. ಕುದುರೆಗೆ ಒಡೆಯುವಾಗ ಯಾರೂ ಹಾಡುವುದಿಲ್ಲ. ತಿಪ್ಪಮ್ಮ ಪಕ್ಕದಲ್ಲಿ ಕೂತು ಕಲ್ಲಿನಿಂದ ಹಾರಿದ ಕಡಲೆ ಚೂರುಗಳನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ದೌಲಪ್ಪ ನೋಡಿ ಮುಖ ತಿರುಗಿಸಿದ. ಪಾಟೀಲನ ಹೆಂಡತಿ ಒಮ್ಮೆ ಹಿತ್ತಲ ಬಾಗಿಲಿಗೆ ಬಂದು ಒಂದು ಕೆಂಪು ಬಾಳೆಹಣ್ಣನ್ನು ಕೂಸಿನ ಕಡೆ ಎಸೆದು ಒಳಗೆ ಹೋದಳು. ಸಗಣಿಯ ಮೇಲೆ ಬಿದ್ದದ್ದನ್ನು ಶೇವಂತಾ ಒರೆಸಿ ಕೊಟ್ಟಳು.

ಎರಡನೆಯ ದಿನ ಭಾಗಮ್ಮನ ಮುಖ ಸರಿಯಿರಲಿಲ್ಲ. ಬೆಳಗಿನಿಂದ ಮಗನಿಗೆ ಜ್ವರ, ಮನೆಯಲ್ಲಿ ಕಣ್ಣು ಕಾಣದ ಅತ್ತೆ ಒಬ್ಬಳೇ. ಹೋಗಿ ಬರುತ್ತೇನೆ ಅಂತ ಕೇಳಿದಳು. ದೌಲಪ್ಪ, ಚೀಲ ಮುಗಿಯಲಿ ಅಂದ. ಮಾತು ಸಹ ಅದೇ. ಹಲ್ಲಿಲ್ಲದ್ದಕ್ಕೆ ಸ್ವಲ್ಪ ಗಾಳಿ ಸೇರಿತ್ತು. ಸ್ವಲ್ಪ ಹೊತ್ತು ಬಿಟ್ಟು ಭಾಗಮ್ಮ ಮತ್ತೆ ಕೇಳಿದಳು. ಅವನು ತಲೆ ಎತ್ತಲಿಲ್ಲ.

ಶೇವಂತಾ ಕಲ್ಲು ನಿಲ್ಲಿಸಿದಳು.

"ನೀ ಹೋಗು," ಅಂದಳು ಭಾಗಮ್ಮನಿಗೆ. "ನಿನ್ನ ಪಾಲಿಂದೂ ನಾ ಒಡೀತೀನಿ."

ಭಾಗಮ್ಮ ದೌಲಪ್ಪನನ್ನು ನೋಡಿದಳು. ದೌಲಪ್ಪ ಶೇವಂತಾಳ ಕೈಯಲ್ಲಿದ್ದ ಗೂಟ ನೋಡಿದ. ಮುಷ್ಟಿ ಬಿಗಿಯಾಗಿಯೂ ಇರಲಿಲ್ಲ. ಅವನು ಎದ್ದು ಎತ್ತಿಗೆ ಹುಲ್ಲು ಹಾಕುವ ನೆವ ಮಾಡಿ ಕೊಟ್ಟಿಗೆಯ ಆ ತುದಿಗೆ ಹೋದ. ಭಾಗಮ್ಮ ಓಡಿದಳು.

ಇಬ್ಬರು ತಿರುವುವ ಕಲ್ಲನ್ನು ಶೇವಂತಾ ಒಬ್ಬಳೇ ತಿರುವಿದಳು. ಆ ದಿನ, ಮರುದಿನವೂ. ಸೊಂಟ ತನ್ನದಲ್ಲ ಅನ್ನುವಂತಾಯಿತು. ಗೂಟ ರಕ್ತಕ್ಕೆ ಜಾರಿದಾಗ ಸೆರಗು ಸುತ್ತಿಕೊಂಡಳು. ಭಾಗಮ್ಮ ಜೋಳದ ಅಂಬಲಿ ಕುಡಿಸಿ, ಒದ್ದೆ ಬಟ್ಟೆ ಹಾಕಿ, ಮಗನನ್ನು ಎದೆಯಿಂದ ಇಳಿಸದೆ ಕೂತಳು. ಮೂರನೆಯ ದಿನ ಸಂಜೆ ಶೇವಂತಾ ಗುಡಿಸಲಿಗೆ ಬಂದಾಗ ಹುಡುಗ ಎದ್ದು ಕೂತಿದ್ದ. ನನ್ನ ಮಗ ಉಳಕೊಂಡ ಅಕ್ಕಾ, ನನ್ನ ಮಗ ಉಳಕೊಂಡ ಅಂತ ಭಾಗಮ್ಮ ಅತ್ತಳು.

ಶೇವಂತಾ ಬಾಗಿಲ ಕಡೆ ನೋಡಲಿಲ್ಲ. ಆ ಹುಡುಗನನ್ನೇ ನೋಡಿದಳು. ಭಾಗಮ್ಮ ದಿನಕ್ಕೆ ನೂರು ಸಲ ಆ ಮಾತು ಆಡಿದ್ದಳು. ಹುಡುಗ ಸಾಯಲಿಲ್ಲ. ಅವನ ತಾಯಿ ಮನೆಗೆ ಹೋದಳು, ಅದಕ್ಕೆ ಸಾಯಲಿಲ್ಲ. ಶೇವಂತಾಳನ್ನು ಬಿಟ್ಟಿದ್ದರೆ ಅವಳ ಮಗಳೂ ಹೀಗೆಯೇ ಎದ್ದು ಕೂಡುತ್ತಿದ್ದಳು. ಹಾಗಾದರೆ ಇಷ್ಟು ವರ್ಷ ಅವಳು ತನ್ನ ಬಾಯಿಯ ಮೇಲೆ ಹೊರಿಸಿಕೊಂಡಿದ್ದ ಸಾವು ಯಾರದು? ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈ ಉರಿಯುತ್ತಿತ್ತು, ಅದೊಂದೇ ತಿಳಿಯುತ್ತಿತ್ತು. ತಿಪ್ಪಮ್ಮನನ್ನು ಎಳೆದುಕೊಂಡು ಮಲಗಿದಳು.

ಪಾಟೀಲ ಮಾತಿಗೆ ತಪ್ಪಲಿಲ್ಲ. ಕುಲಕರ್ಣಿಯ ಕೈಯಲ್ಲಿ ಬರೆಸಿ ಶಿಕ್ಕಾ ಹೊಡೆದು ಕೊಟ್ಟ. ಮುಂದಿನ ಡೇರೆಗೂ ಬಾ, ಒಬ್ಬಳೇ ಇಬ್ಬರ ಕೆಲಸ ಮಾಡುತ್ತೀ ಅಂತ ನಕ್ಕ.

ಇಪ್ಪತ್ತೊಂದನೆಯ ದಿನ ಅವಳು ಮತ್ತೆ ಸ್ಟೇಶನ್ ಬಜಾರದ ಹಿಂದಿನ ಅಂಗಳದಲ್ಲಿ ನಿಂತಳು. ಕಾಶಿರಾಯ ಪಾಟೀಲನ ಕಾಗದ ಓದಿದ. ಜೇಲಿನ ಕಾಗದದ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿದ. ಸರಿ ಇದೆ ಅಂದ. ಈ ಸಲ ಮಹಾದೇವಮ್ಮನವರೂ ಪಡಸಾಲೆಗೆ ಬಂದು ಮಣೆಯ ಮೇಲೆ ಕೂತರು. ಬಿಳಿ ಸೀರೆ, ಹಣೆಗೆ ವಿಭೂತಿ, ಮೆತ್ತಗಿನ ಮಾತು. ಕಾಗದ ಎರಡು ನಮೂನೆ ಹೇಳುತ್ತಿರುವುದರಿಂದ, ಕೂಸು ತನ್ನದು ಅಂತ ಇವಳು ದೀಪದ ಎದುರು ಬಾಯಿಬಿಟ್ಟು ಹೇಳಬೇಕು ಅಂತ ಕಾಶಿರಾಯ ಅಂದ.

ಶೇವಂತಾ ಬಾಯಿ ತೆರೆದಳು. ತಲೆಗೆ ತಿಳಿದಿತ್ತು. ನಾಲಿಗೆಗೆ ಇನ್ನೂ ತಿಳಿದಿರಲಿಲ್ಲ.

"ಕೂಸಿನ ಹೆಸರೇನು?" ಮಹಾದೇವಮ್ಮ ಕೇಳಿದರು.

"ತಿಪ್ಪಮ್ಮರೀ."

ಮಹಾದೇವಮ್ಮನ ಮುಖ ಸಡಿಲವಾಯಿತು. "ಬಿಡು ಕಾಶಿರಾಯ. ಬಾಯಿಲೆ ಅನ್ನಸಬ್ಯಾಡ. ನಮ್ಮಣ್ಣನ ಹೆಸರೂ ತಿಪ್ಪಣ್ಣನೇ ಅದ. ನಮ್ಮವ್ವ ಸಾಯೋ ತನಕ ಅವಂಗ ಮಗ ಅಂದಿಲ್ಲ. ಹೆಬ್ಬೆಟ್ಟು ಒತ್ಲಿ, ಸಾಕು."

ಶೇವಂತಾ ತಲೆ ಎತ್ತಿ ಆಕೆಯನ್ನು ನೋಡಿದಳು. ಎರಡೂವರೆ ವರ್ಷದಲ್ಲಿ ದೊಡ್ಡವರೊಬ್ಬರು ಅವಳ ಮಾತನ್ನು ಅವಳು ಹೇಳುವ ಮೊದಲೇ ತಿಳಿದುಕೊಂಡದ್ದು ಇದೇ ಮೊದಲು. ಮೆಟ್ಟಿಲ ಹತ್ತಿರ ಕೂತಳು. ಯಾರೂ ಏಳು ಅನ್ನಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಇವತ್ತು ತಿಪ್ಪಮ್ಮ ಒಂದು ಸೂರಿನ ಕೆಳಗೆ ಮಲಗುತ್ತಾಳೆ ಅಂದುಕೊಂಡಳು.

ಕಾಶಿರಾಯ ಮಸಿಯ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟ. ಅವಳು ಹೆಬ್ಬೆರಳು ಅದ್ದಿದಳು. ಒತ್ತುವ ಮೊದಲು ಓದಿ ಹೇಳುವುದು ವಾಡಿಕೆ ಅಂತ ಅವನು ಕರಾರಿನ ಕಾಗದ ಓದತೊಡಗಿದ. ಏಳು ಷರತ್ತು ಮುಗಿದವು. ಎಂಟನೆಯದು ಬಂತು. ಒಳಗೆ ಬರುವುದು ಖಾತ್ರಿಯಾದವರಿಗೆ ಮಾತ್ರ ಓದುವಂಥದ್ದು ಅದು. ಕೂಸಿಗೆ ಐದು ತುಂಬಿದ ಮೇಲೆ ಅದರ ಮೇಲೆ ನನ್ನ ಹಕ್ಕು ಇರುವುದಿಲ್ಲ. ಅದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ಕೊಡುವ ಹಕ್ಕು ನನಗಿದೆ, ನನ್ನ ಖುಷಿಯಿಂದ ಆಶ್ರಯದವರಿಗೆ ಬರೆದು ಕೊಟ್ಟಿದ್ದೇನೆ. ಅವರು ಯೋಗ್ಯ ಮನೆತನಕ್ಕೆ ಕೆಲಸಕ್ಕೆ ಕೊಡುವರು. ನಾನು ಹುಡುಕಿಕೊಂಡು ಹೋಗುವುದಿಲ್ಲ.

ಕೂಸು ಅವಳದೇ ಅಂತ ಅಷ್ಟು ಕಾಗದ ಕೇಳಿದ್ದು ಇದಕ್ಕೆ. ತನ್ನದಲ್ಲದ ಕೂಸನ್ನು ಯಾರೂ ಬರೆದು ಕೊಡಲಾರರು.

ಶೇವಂತಾಳ ಬೆರಳು ಕಾಗದದಿಂದ ಗೇಣುದ್ದ ಮೇಲೆಯೇ ನಿಂತಿತು.

"ಏನ್ ಕೆಲಸರೀ?" ಕೇಳಿದಳು.

ಮಹಾದೇವಮ್ಮ ಸಮಾಧಾನದಿಂದಲೇ ಹೇಳಿದರು. ಕೇರಿಯ ಹುಡುಗಿಗೆ ಒಳಗಿನ ಕೆಲಸ ಕೊಡಲಾಗದು. ಕೊಟ್ಟಿಗೆ ಕಸ, ಸಗಣಿ, ದನಕ್ಕೆ ಕಾಳು ಒಡೆಯುವುದು, ಅಂಥದ್ದು. ಒಳ್ಳೆಯ ಮನೆಗಳು, ದೊಡ್ಡ ಮನೆಗಳು. ತಾಯಿ ಹತ್ತಿರ ಇದ್ದರೆ ಮಕ್ಕಳಿಗೆ ತಾಯಿಯ ಗುಣವೇ ಬರುತ್ತದೆ, ಅದಕ್ಕೇ ಈ ನಿಯಮ.

"ಬಿಟ್ಟಿ ಏನ್ರೀ ಅಮ್ಮಾರ?"

"ಬಿಟ್ಟಿ ಯಾಕಾಗ್ತದ? ಹೊಟ್ಟಿಗಿ ಹಾಕಂಗಿಲ್ಲೇನು?"

"ಕುದರಿಗೂ ಹಾಕ್ತಾರ್ರೀ," ಅಂದಳು ಶೇವಂತಾ. "ಒಡದ ಕಡ್ಲಿ."

ಅವಳ ದನಿ ಏರಿರಲಿಲ್ಲ. ನೀರಿನ ಗಡಿಗೆ ಎಲ್ಲಿದೆ ಅಂತ ಕೇಳುವವಳ ಹಾಗೆ ಅಂದಿದ್ದಳು. ಅವಳು ಎದ್ದಳು. ಮೆಟ್ಟಿಲ ಮೇಲಿದ್ದ ಎರಡು ಕಾಗದಗಳಲ್ಲಿ ಜೇಲಿನ ಕಾಗದವನ್ನು ಎತ್ತಿಕೊಂಡಳು. ಓದಲು ಬರದಿದ್ದರೂ ಅದರ ಮೇಲಿದ್ದ ಜುಬೇದಾಳ ಹೆಬ್ಬೆಟ್ಟು ಅವಳಿಗೆ ಗುರುತಿತ್ತು. ಬೀಸಿ ಬೀಸಿ ಗೆರೆ ಸವೆದ ಬೆರಳು ಅದು.

"ಈ ಕೂಸು ನಂದಲ್ಲರೀ. ಸರಕಾರದ ಕಾಗದದಾಗ ಬರದದ. ಜುಬೇದಾಂದು. ತೌಡು ಕೊಟ್ಟು ತಗೊಂಡಾಳ. ನಾ ಸಾಕಾಕಿ. ನಂದಲ್ಲದ್ದು ನಾ ಹ್ಯಾಂಗ ಬರದು ಕೊಡ್ಲಿ?"

ಕಾಶಿರಾಯ ಪಾಟೀಲನ ಕಾಗದ ಎತ್ತಿ ತೋರಿಸಿದ. ಇದಕ್ಕೇನು ಹೇಳುತ್ತೀ ಅಂದ. ಹೊರಗೆ ಹೋದರೆ ಮತ್ತೆ ಒಳಗೆ ಬರುವ ಮಾತಿಲ್ಲ ಅಂದ. ಯತೀಮಖಾನೆಯವರಿಗೆ ಚೀಟಿ ಕಳಿಸುತ್ತೇನೆ ಅಂದ. ಶೇವಂತಾ ಕೇಳಿಸಿಕೊಂಡಳು. ಆ ಕಾಗದಕ್ಕೆ ಕೈ ಚಾಚಲಿಲ್ಲ. ಮೂರು ದಿನದ ಕಡಲೆ ಅದು, ಅಲ್ಲೇ ಇರಲಿ. ಹೆಬ್ಬೆರಳಿನ ಮಸಿಯನ್ನು ತಿಪ್ಪಮ್ಮನ ಗಲ್ಲಕ್ಕೆ ಒರೆಸಿದಳು. ಕೂಸನ್ನು ಎತ್ತಿಕೊಂಡು ಅಂಗಳ ದಾಟಿದಳು. ನಿನಗೆ ಒಳ್ಳೇದು ಮಾಡಲು ಹೋದೆವಲ್ಲ ಅಂತ ಮಹಾದೇವಮ್ಮ ಹಿಂದಿನಿಂದ ಅಂದದ್ದು ಕೇಳಿಸಿತು. ಆಕೆಗೆ ನಿಜವಾಗಿಯೂ ದುಃಖವಾಗಿತ್ತು. ಶೇವಂತಾ ತಿರುಗಲಿಲ್ಲ.

ಗಿರಣಿಯ ಗೋಡೆಯ ಆಚೆ ಒಂದು ನೀರಿನ ತೊಟ್ಟಿ ಇತ್ತು. ಹತ್ತಿ ಆರಿಸುವ ಹೆಂಗಸರು ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಅಲ್ಲಿ ಕೂತಿದ್ದರು. ತಲೆಯಲ್ಲಿ, ಹುಬ್ಬಿನಲ್ಲಿ, ಸೀರೆಯಲ್ಲಿ ಹತ್ತಿ ಎಳೆ. ಶೇವಂತಾ ಸ್ವಲ್ಪ ದೂರದಲ್ಲಿ ನಿಂತಳು. ನಾಳೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಇವತ್ತು ಎಲ್ಲಿ ಅಂತಲೂ ಗೊತ್ತಿರಲಿಲ್ಲ. ತಿಪ್ಪಮ್ಮ ರೊಟ್ಟಿಯ ಕಡೆ ಕೈ ಮಾಡಿತು. ಅವರಲ್ಲಿ ವಯಸ್ಸಾದವಳೊಬ್ಬಳು, ಪುತಳಾಬಾಯಿ ಅಂತ, ಗಿರಣಿಯಲ್ಲಿ ಹೆಂಗಸರ ಮುಂದಾಳು, ಕೂಸಿನ ಗಲ್ಲ ನೋಡಿ ನಕ್ಕಳು. ದೃಷ್ಟಿಬೊಟ್ಟು ಇಷ್ಟು ದೊಡ್ಡದೇ ಅಂತ ಕೇಳಿ, ಅರ್ಧ ರೊಟ್ಟಿ ಮುರಿದು ಕೂಸಿನ ಕೈಗೇ ಕೊಟ್ಟಳು. ಎಸೆಯಲಿಲ್ಲ.

"ಯಾರದವ್ವಾ ಈ ಕೂಸು?"

ಸುಮ್ಮನೆ ಕೇಳಿದ ಮಾತು. ಅವಳ ಕೈಯಲ್ಲಿ ಕಾಗದ ಇರಲಿಲ್ಲ, ಮಸಿ ಇರಲಿಲ್ಲ. ಶೇವಂತಾ ತೊಟ್ಟಿಯ ನೀರು ನೋಡಿದಳು. ಜುಬೇದಾಳ ನೆನಪಾಯಿತು, ಗೇಟಿನಲ್ಲಿ ಹಿಡಿದಿದ್ದ ಕಾಲು ನೆನಪಾಯಿತು. ಅವಳಿಗೆ ಹೇಗಾದರೂ ಹೇಳಿ ಕಳಿಸಬೇಕು ಅಂದುಕೊಂಡಳು.

"ನಂದು," ಅಂದಳು.

ಪುತಳಾಬಾಯಿಗೆ ಕೇಳಿಸಲಿಲ್ಲ. ಏನಂದೆ ಅಂತ ತಲೆ ಎತ್ತಿದಳು.

"ನನ್ನ ಮಗಳು. ನಾ ಹಡದೀನಿ."

ಪುತಳಾಬಾಯಿ ಹೌದಾ ಅಂದು ತನ್ನ ರೊಟ್ಟಿ ತಿನ್ನತೊಡಗಿದಳು. ಗಿರಣಿಯ ಸದ್ದು ನಿಲ್ಲಲಿಲ್ಲ. ರಸ್ತೆಯಲ್ಲಿ ಒಂದು ಬಂಡಿ ಹೋಯಿತು. ಶೇವಂತಾ ಅಲ್ಲೇ ನೆಲಕ್ಕೆ ಕೂತಳು. ಕೂಸನ್ನು ಮಡಿಲಿಗೆ ಎಳೆದುಕೊಂಡು, ಸಿಪ್ಪೆ ಎದ್ದ ಅಂಗೈಯನ್ನು ಅದರ ಹಣೆಯ ಮೇಲಿಟ್ಟಳು. ತಿಪ್ಪಮ್ಮ ರೊಟ್ಟಿ ಜಗಿಯುತ್ತ ಅವಳ ಕೈಯನ್ನು ಸರಿಸಿತು. ಅವಳು ಮತ್ತೆ ಇಟ್ಟಳು. ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡು ಕೂತಳು.

ಹಣೆ ಬಿಸಿ ಇರಲಿಲ್ಲ.